ಹದಿನೈದರ ಮಗನ ಜೊತೆ ಮೆಲ್ಬರ್ನ್‌ಗೆ: ಮೊದಲು ಶಾಲೆ, ಆಮೇಲೆ ಮನೆ

ಪ್ರಶ್ನೆ: ನಾವು ಮೈಸೂರಿನವರು. ಕಾಯಂ ವಾಸಕ್ಕೆ ಕೊಡುವ 190 ವೀಸಾ ಸಿಕ್ಕಿದೆ, ಮೆಲ್ಬರ್ನ್‌ಗೆ ಹೊರಟಿದ್ದೇವೆ. ಯಜಮಾನರಿಗೆ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ, ಅವರು ಜನವರಿಯಲ್ಲೇ ಹೋಗುತ್ತಾರೆ. ಮಗ ಸಿಬಿಎಸ್‌ಇ ಒಂಬತ್ತನೇ ಕ್ಲಾಸು, ಫೆಬ್ರವರಿಗೆ 15 ತುಂಬುತ್ತದೆ, ಮಾರ್ಚ್‌ನಲ್ಲಿ ಪರೀಕ್ಷೆ. ಪರಿಚಯದವರೆಲ್ಲ ಮೆಲ್ಬರ್ನ್‌ ಪಶ್ಚಿಮದ ಟಾರ್ನೀಟ್‌ನಲ್ಲಿದ್ದಾರೆ, ಅಲ್ಲಿಗೇ ಬನ್ನಿ ಅನ್ನುತ್ತಾರೆ. ಯಜಮಾನರ ಸಹೋದ್ಯೋಗಿಗಳು, ಓದುವ ಹುಡುಗ ಇದ್ದರೆ ಬಾಡಿಗೆ ಜಾಸ್ತಿಯಾದರೂ ಪೂರ್ವದ ಗ್ಲೆನ್ ವೇವರ್ಲಿಗೇ ಹೋಗಿ ಅನ್ನುತ್ತಾರೆ. ನಮ್ಮ ಅತ್ತೆ ಮಾವ, ಹತ್ತನೇ ಕ್ಲಾಸು ಇಲ್ಲೇ ಮುಗಿಸಿ ಹೋಗಲಿ ಅಂತ ಪಟ್ಟು ಹಿಡಿದಿದ್ದಾರೆ. ಮಗ ಯಾವುದಕ್ಕೂ ಬಾಯಿ ಬಿಡುತ್ತಿಲ್ಲ. ಯಾವ ಏರಿಯಾ, ಯಾವ ಶಾಲೆ, ಯಾವಾಗ ಹೋಗೋದು?

ಉತ್ತರ: ಕೊನೆಯಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನು ಹಿಂದುಮುಂದು ಮಾಡಿಕೊಳ್ಳಿ. ಮೊದಲು ಯಾವಾಗ, ಆಮೇಲೆ ಯಾವ ಶಾಲೆ, ಏರಿಯಾ ಕೊನೆಗೆ. ಚಿಕ್ಕ ಮಕ್ಕಳಿದ್ದರೆ ಒಳ್ಳೇ ಏರಿಯಾ ನೋಡಿ ಮನೆ ಮಾಡಿ, ಹತ್ತಿರದ ಶಾಲೆಗೆ ಹಾಕಿದರೆ ಆಯಿತು. ಹೆಚ್ಚುಕಮ್ಮಿ ಆದರೂ ಸರಿ ಮಾಡಿಕೊಳ್ಳೋಕೆ ವರ್ಷಗಳಿರುತ್ತವೆ. ನಿಮ್ಮ ಮಗನಿಗೆ ಶಾಲೆಯಲ್ಲಿ ಉಳಿದಿರುವುದು ಮೂರು ವರ್ಷಕ್ಕಿಂತ ಕಮ್ಮಿ. ಈ ಅವಧಿಯಲ್ಲಿ ಅವನು ಒಂದು ಸಲ ಶಾಲೆ ಬದಲಿಸುವುದೇ ದೊಡ್ಡದು. ಎರಡನೇ ಸಲ ಬದಲಿಸುವ ಹಾಗೆ ಆಗಬಾರದು.

ಯಾವಾಗ ಅನ್ನೋದಕ್ಕೆ ನನ್ನ ಉತ್ತರ ಖಚಿತವಾಗಿದೆ: ಮಾರ್ಚ್ ಪರೀಕ್ಷೆ ಮುಗಿದ ತಕ್ಷಣ ಕರೆದುಕೊಂಡು ಬನ್ನಿ. ಕಾರಣ ಹೇಳುತ್ತೇನೆ, ಅತ್ತೆ ಮಾವನವರಿಗೂ ಓದಿ ಹೇಳಿ.

ಇಲ್ಲಿ ಮೆಲ್ಬರ್ನ್‌ನಲ್ಲಿ ಶಾಲೆಯ ವರ್ಷ ಜನವರಿ ಕೊನೆಗೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ನಾಲ್ಕು ಟರ್ಮ್‌ಗಳು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಏಪ್ರಿಲ್ 30ರೊಳಗೆ 5 ತುಂಬುವ ಮಗು ಆ ವರ್ಷ ಪ್ರೆಪ್, ಅಂದರೆ ಇಯರ್ 1ಕ್ಕೂ ಮುಂಚಿನ ತರಗತಿ, ಸೇರಬಹುದು. ಆ ಲೆಕ್ಕದಲ್ಲಿ ಫೆಬ್ರವರಿಗೆ 15 ತುಂಬುವ ಹುಡುಗ ಆ ವರ್ಷ ಇಯರ್ 10ರಲ್ಲಿರಬೇಕು. ಮಾರ್ಚ್ ಮುಗಿಸಿ ಹೊರಟರೆ ಏಪ್ರಿಲ್‌ನಲ್ಲಿ ಎರಡನೇ ಟರ್ಮ್ ಶುರುವಾಗುವ ಹೊತ್ತಿಗೆ ಸೇರಿಕೊಳ್ಳುತ್ತಾನೆ. ಇಯರ್ 10ರಲ್ಲಿ ನಮ್ಮ ಹತ್ತನೇ ಕ್ಲಾಸಿನ ಹಾಗೆ ಬೋರ್ಡ್ ಪರೀಕ್ಷೆ ಇಲ್ಲ. ಹೊಸ ದೇಶ, ಹೊಸ ಉಚ್ಚಾರ, ಹೊಸ ಹುಡುಗರಿಗೆ ಹೊಂದಿಕೊಳ್ಳೋಕೆ ಇದಕ್ಕಿಂತ ನಿರಾಳವಾದ ವರ್ಷ ಅವನಿಗೆ ಮತ್ತೆ ಸಿಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ. ಇಯರ್ 11 ಮತ್ತು 12 ಸೇರಿ ವಿಸಿಇ, ಅಂದರೆ ಇಲ್ಲಿ ಶಾಲೆ ಮುಗಿಸುವಾಗ ಸಿಗುವ ಸರ್ಟಿಫಿಕೇಟ್. ಅದಕ್ಕೆ ಯಾವ ಯಾವ ವಿಷಯ ತಗೋಬೇಕು ಅನ್ನೋದನ್ನು ಹೆಚ್ಚಿನ ಶಾಲೆಗಳಲ್ಲಿ ಇಯರ್ 10ರ ಮೂರನೇ ಟರ್ಮ್‌ನಲ್ಲೇ ಕೇಳುತ್ತಾರೆ, ಅಂದರೆ ಜುಲೈ, ಆಗಸ್ಟ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಬಂದವನಿಗೆ ಒಂದು ಟರ್ಮ್ ಪಾಠ ಕೇಳಿ, ಮೇಷ್ಟ್ರುಗಳನ್ನು ಮಾತಾಡಿಸಿ, ಆಮೇಲೆ ಆರಿಸಿಕೊಳ್ಳುವ ಅವಕಾಶ ಇರುತ್ತದೆ.

ಈಗ ಅಲ್ಲೇ ಹತ್ತು ಮುಗಿಸಿದರೆ ಏನಾಗುತ್ತದೆ ನೋಡಿ. ಅವನು ಬರುವುದು ಮುಂದಿನ ವರ್ಷದ ಏಪ್ರಿಲ್‌ಗೆ. ಅಷ್ಟರಲ್ಲಿ ಅವನ ವಯಸ್ಸಿನವರು ಇಯರ್ 11ರಲ್ಲಿ ಒಂದು ಟರ್ಮ್ ಮುಗಿಸಿರುತ್ತಾರೆ. ವಿಸಿಇಯಲ್ಲಿ ಒಂದು ಯೂನಿಟ್ ಅಂದರೆ ಅರ್ಧ ವರ್ಷ. ಮೊದಲ ಯೂನಿಟ್‌ನ ಅರ್ಧ ಹೋಗಿಬಿಟ್ಟಿರುತ್ತದೆ. ಟೈಮ್‌ಟೇಬಲ್ ಹಿಂದಿನ ವರ್ಷವೇ ನಿಗದಿಯಾಗಿರುತ್ತದೆ, ಬೇಕಾದ ಕ್ಲಾಸಿನಲ್ಲಿ ಜಾಗ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಯೂನಿವರ್ಸಿಟಿ ಸೀಟಿಗೆ ಬೇಕಾದ ಏಟಾರ್ ಅನ್ನುವ ರ‍್ಯಾಂಕಿನ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಇಯರ್ 12ರಲ್ಲಿ ಓದುವ ಯೂನಿಟ್ 3 ಮತ್ತು 4, ಅದು ನಿಜ. ಆದರೆ ಮ್ಯಾಥಮ್ಯಾಟಿಕಲ್ ಮೆಥಡ್ಸ್‌ನಂಥ ವಿಷಯದಲ್ಲಿ 1 ಮತ್ತು 2ರ ತಳಪಾಯ ಇಲ್ಲದೆ 3ಕ್ಕೆ ಹೋದವರು ಒದ್ದಾಡುತ್ತಾರೆ. ಹತ್ತು ಮುಗಿಸಿ ಬಂದು ಇಲ್ಲಿ ಮತ್ತೆ ಇಯರ್ 10ಕ್ಕೇ ಸೇರಿಸಿ ಅಂತ ಕೇಳುವವರೂ ಇದ್ದಾರೆ. ಅದು ಶಾಲೆಯ ಪ್ರಿನ್ಸಿಪಾಲರ ಕೈಯಲ್ಲಿದೆ, ಹೆಚ್ಚಾಗಿ ವಯಸ್ಸು ನೋಡಿಯೇ ತೀರ್ಮಾನ ಮಾಡುತ್ತಾರೆ. ಅದನ್ನೇ ನಂಬಿಕೊಂಡು ಹೊರಡಬೇಡಿ.

ಹಿರಿಯರ ಆತಂಕ ಸುಮ್ಮನೆ ಬಂದಿದ್ದಲ್ಲ. ನಮ್ಮಲ್ಲಿ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಅಂದರೆ ಜೀವನಪೂರ್ತಿ ಕೇಳುವ ಕಾಗದ. ಎರಡು ವರ್ಷದೊಳಗೆ ವಾಪಸ್ ಬರುವ ಸಾಧ್ಯತೆ ನಿಜಕ್ಕೂ ಇದ್ದರೆ ನಾನೂ ಬೇರೆ ಥರ ಹೇಳುತ್ತಿದ್ದೆ. ಆದರೆ 190 ಅಂದರೆ ಪಿ.ಆರ್. (ಕಾಯಂ ವಾಸದ ಹಕ್ಕು), ನೀವು ನೆಲೆ ನಿಲ್ಲೋಕೆ ಹೊರಟಿದ್ದೀರಿ. ಅವನ ಮುಂದಿನ ಎಲ್ಲ ಬಾಗಿಲುಗಳೂ ಇಲ್ಲಿನ ವಿಸಿಇ ಮೇಲೆಯೇ ತೆರೆಯುವುದು.

ಇನ್ನು ಶಾಲೆ. ಇಲ್ಲಿ ಸರ್ಕಾರಿ ಶಾಲೆ ಅಂದರೆ ಮೂಗು ಮುರಿಯಬೇಕಾಗಿಲ್ಲ. ಪಿ.ಆರ್. ಇರುವವರ ಮಕ್ಕಳಿಗೆ ಟ್ಯೂಷನ್ ಫೀ ಇಲ್ಲ. ಪ್ರತಿ ಸರ್ಕಾರಿ ಶಾಲೆಗೂ ಒಂದು ಜೋನ್ ಇದೆ. ಆ ಜೋನ್ ಒಳಗೆ ನಿಮ್ಮ ಕಾಯಂ ಮನೆ ಇದ್ದರೆ ಆ ಶಾಲೆಯಲ್ಲಿ ಸೀಟು ಗ್ಯಾರಂಟಿ. ಹೊರಗಿದ್ದರೆ ಜಾಗ ಉಳಿದಾಗ ಮಾತ್ರ. ಶಿಕ್ಷಣ ಇಲಾಖೆಯ ‘ಫೈಂಡ್ ಮೈ ಸ್ಕೂಲ್’ ಅನ್ನುವ ವೆಬ್‌ಸೈಟಿನಲ್ಲಿ ಮನೆಯ ವಿಳಾಸ ಹಾಕಿ, ಸೆಕೆಂಡರಿ ಅಂತ ಆರಿಸಿ, ಯಾವ ವರ್ಷಕ್ಕೆ ಅನ್ನೋದನ್ನೂ ಆರಿಸಿದರೆ ಯಾವ ಶಾಲೆ ಅಂತ ತೋರಿಸುತ್ತದೆ.

ಬಹಳ ಜನ ಎಡವುವುದು ಇಲ್ಲೇ. ಏರಿಯಾದ ಹೆಸರು ಬೇರೆ, ಜೋನ್ ಬೇರೆ. ನಿಮಗೆ ಹೇಳಿದ್ದಾರಲ್ಲ, ಆ ಗ್ಲೆನ್ ವೇವರ್ಲಿಯನ್ನೇ ತಗೊಳ್ಳಿ. ಗ್ಲೆನ್ ವೇವರ್ಲಿ ಸೆಕೆಂಡರಿ ಕಾಲೇಜು (ಇಲ್ಲಿ ಹೈಸ್ಕೂಲಿಗೂ ಕಾಲೇಜು ಅನ್ನುವುದುಂಟು) ಇರುವುದು ಅಲ್ಲೇ. ಬ್ರೆಂಟ್‌ವುಡ್ ಸೆಕೆಂಡರಿ ಕಾಲೇಜೂ ಅಲ್ಲೇ, ಹೈವೇಲ್ ಸೆಕೆಂಡರಿ ಕಾಲೇಜೂ ಅಲ್ಲೇ. ಗ್ಲೆನ್ ವೇವರ್ಲಿ ಅಂತ ಜಾಹೀರಾತು ನೋಡಿ ಜಾಸ್ತಿ ಬಾಡಿಗೆಗೆ ಸಹಿ ಹಾಕಿ, ಆಮೇಲೆ ವಿಳಾಸ ಹಾಕಿದರೆ ನೀವು ಅಂದುಕೊಂಡ ಶಾಲೆ ಬಿಟ್ಟು ಇನ್ನೊಂದು ಬರಬಹುದು. ಮೆಲ್ಬರ್ನ್‌ನಲ್ಲಿ ಸಾಮಾನ್ಯವಾಗಿ ನೇರ ಗೆರೆಯ ದೂರದ ಮೇಲೆ ಜೋನ್ ಹಾಕುತ್ತಾರೆ. ಹಾಗಾಗಿ ಒಂದೇ ರಸ್ತೆಯ ಆ ತುದಿಗೆ ಒಂದು ಶಾಲೆ, ಈ ತುದಿಗೆ ಇನ್ನೊಂದು ಶಾಲೆ ಆಗುವುದುಂಟು. ಮನೆ ನಂಬರ್ ಸಮೇತ ಹಾಕಿ ನೋಡಿ. ಬ್ರೋಕರ್ ಬಾಯಿಮಾತು ಸಾಲದು.

ಸಿಡ್ನಿಯಲ್ಲಿರುವ ಬಂಧುಗಳು ಸೆಲೆಕ್ಟಿವ್ ಶಾಲೆ, ಅಂದರೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆ, ಅಂತ ಹೇಳಿದರೂ ಹೇಳಬಹುದು. ವಿಕ್ಟೋರಿಯಾದಲ್ಲಿ ಅಂಥವು ನಾಲ್ಕು: ಮೆಲ್ಬರ್ನ್ ಹೈ, ಮ್ಯಾಕ್‌ರಾಬರ್ಟ್‌ಸನ್ ಗರ್ಲ್ಸ್ ಹೈ, ಬೆರಿಕ್‌ನ ನಾಸಲ್ ಹೈ, ವೆರಿಬಿಯ ಸುಜೇನ್ ಕೋರಿ. ಪ್ರವೇಶ ಪರೀಕ್ಷೆ ಬರೆಯುವುದು ಇಯರ್ 8ರಲ್ಲಿ, ಸೇರುವುದು ಇಯರ್ 9ಕ್ಕೆ. ನಿಮ್ಮ ಮಗನಿಗೆ ಆ ದೊಡ್ಡ ಬಾಗಿಲು ಮುಚ್ಚಿದೆ. ಮೇಲಿನ ತರಗತಿಗಳಿಗೆ ಸೀಟು ಸಿಗುವುದು ಅಪರೂಪ. ಅದರ ಆಸೆಯಲ್ಲಿ ಮನೆ ಹುಡುಕುವುದು ಬೇಡ.

ಶಾಲೆಗಳ ರ‍್ಯಾಂಕಿಂಗ್ ಪಟ್ಟಿ ಅಂತ ನಿಮ್ಮ ವಾಟ್ಸಾಪಿಗೆ ಬಂದಿರುತ್ತದೆ, ಅಲ್ವಾ? ಅದು ಹೆಚ್ಚಾಗಿ ಮೀಡಿಯನ್ ಸ್ಟಡಿ ಸ್ಕೋರ್ ಪಟ್ಟಿ. ವಿಸಿಇಯ ಪ್ರತಿ ವಿಷಯಕ್ಕೂ 50ರವರೆಗೆ ಸ್ಕೋರ್ ಇರುತ್ತದೆ, ರಾಜ್ಯದ ಸರಾಸರಿ 30ಕ್ಕೆ ಬರುವ ಹಾಗೆ ಹೊಂದಿಸುತ್ತಾರೆ. ಆ ಪಟ್ಟಿ ಸುಳ್ಳಲ್ಲ. ಆದರೆ ಅದೊಂದನ್ನೇ ನೋಡಿದರೆ ಶಾಲೆ ಚೆನ್ನಾಗಿ ಕಲಿಸುತ್ತದೋ, ಚೆನ್ನಾಗಿ ಓದಿಕೊಂಡ ಅಪ್ಪ ಅಮ್ಮಂದಿರ ಮಕ್ಕಳೇ ಅಲ್ಲಿಗೆ ಬರುತ್ತಾರೋ ಗೊತ್ತಾಗುವುದಿಲ್ಲ. ಅದಕ್ಕೆ ‘ಮೈ ಸ್ಕೂಲ್’ ಅನ್ನುವ ಇನ್ನೊಂದು ವೆಬ್‌ಸೈಟ್ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅಲ್ಲಿ ಪ್ರತಿ ಶಾಲೆಗೂ ಐಸಿಎಸ್‌ಇಎ ಅಂತ ಒಂದು ಅಂಕಿ ಇರುತ್ತದೆ. ಮಕ್ಕಳ ಮನೆಯ ಓದು, ಅಪ್ಪ ಅಮ್ಮನ ಉದ್ಯೋಗ ಇಂಥವುಗಳನ್ನು ಲೆಕ್ಕ ಹಾಕಿ ಕೊಡುವ ಅಂಕಿ ಅದು. ಸರಾಸರಿ 1000. ಉದಾಹರಣೆಗೆ ಒಂದು ಶಾಲೆಯದು 1120, ಸ್ಟಡಿ ಸ್ಕೋರ್ 32. ಇನ್ನೊಂದರದು 1010, ಸ್ಕೋರ್ 31. ನನ್ನನ್ನು ಕೇಳಿದರೆ ಎರಡನೇ ಶಾಲೆಯ ಮೇಷ್ಟ್ರುಗಳು ಏನು ಮಾಡುತ್ತಿದ್ದಾರೆ ಅಂತ ಹೋಗಿ ನೋಡುತ್ತೇನೆ. ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಹಿನ್ನೆಲೆ ಇರುವ ಮಕ್ಕಳು ಶೇಕಡಾ ಎಷ್ಟು, ಹಾಜರಾತಿ ಎಷ್ಟು ಅನ್ನೋದೂ ಅಲ್ಲೇ ಸಿಗುತ್ತದೆ. ಹಾಜರಾತಿ ಕಾಲಂ ಬಿಡದೆ ನೋಡಿ. ಒಂದು ಶಾಲೆ ಹೇಗೆ ನಡೆಯುತ್ತಿದೆ ಅನ್ನೋದು ಅದರಲ್ಲಿ ಬೇಗ ಗೊತ್ತಾಗುತ್ತದೆ.

ಎರಡು ಮೂರು ಶಾಲೆ ಗುರುತಿಸಿಕೊಂಡ ಮೇಲೆ ಫೋನ್ ಮಾಡಿ. ಇಯರ್ 7ರ ಸೇರ್ಪಡೆಗೆ ರಾಜ್ಯಕ್ಕೆಲ್ಲ ಒಂದು ವೇಳಾಪಟ್ಟಿ ಇದೆ. ಮೇಲಿನ ತರಗತಿಗೆ ನೇರ ಶಾಲೆಯನ್ನೇ ಕೇಳಬೇಕು. ‘ಏಪ್ರಿಲ್‌ನಲ್ಲಿ ಇಯರ್ 10ಕ್ಕೆ ಒಬ್ಬ ಹುಡುಗ ಬರುತ್ತಾನೆ, ಒಂದು ಸಲ ಶಾಲೆ ನೋಡಬಹುದಾ’ ಅಂತ ಕೇಳಿದರೆ ಸಾಮಾನ್ಯವಾಗಿ ಕರೆಯುತ್ತಾರೆ. ಯಜಮಾನರು ಫೆಬ್ರವರಿಯಲ್ಲಿ ಹೋಗಿ ಬರಲಿ. ಕಟ್ಟಡ, ಈಜುಕೊಳ, ಆಟದ ಮೈದಾನ ತೋರಿಸುತ್ತಾರೆ, ನೋಡಲಿ. ಆದರೆ ಕೇಳಬೇಕಾದ್ದು ಬೇರೆ. ವಿಸಿಇಯಲ್ಲಿ ಗಣಿತಕ್ಕೆ ಜನರಲ್, ಮೆಥಡ್ಸ್, ಸ್ಪೆಷಲಿಸ್ಟ್ ಅಂತ ಇದೆ. ಎಂಜಿನಿಯರಿಂಗ್ ಕಡೆ ಮನಸ್ಸಿದ್ದರೆ ಮೆಥಡ್ಸ್ ಬೇಕೇ ಬೇಕು, ಅದರ ಜೊತೆ ಸ್ಪೆಷಲಿಸ್ಟ್ ಇದ್ದರೆ ಇನ್ನೂ ಒಳ್ಳೇದು. ಸ್ಪೆಷಲಿಸ್ಟ್ ಕ್ಲಾಸು ಶಾಲೆಯಲ್ಲೇ ನಡೆಯುತ್ತದಾ, ಇಲ್ಲ ವರ್ಚುವಲ್ ಸ್ಕೂಲ್ ವಿಕ್ಟೋರಿಯಾ ಮೂಲಕ ಆನ್‌ಲೈನಾ? ಫಿಸಿಕ್ಸ್‌ಗೆ ಎಷ್ಟು ಮಕ್ಕಳಿದ್ದಾರೆ? ಇಯರ್ 10ರಲ್ಲಿ ಗಣಿತವನ್ನು ಗುಂಪು ಮಾಡಿ ಕಲಿಸುವುದಾದರೆ ಹೊಸಬನನ್ನು ಯಾವ ಗುಂಪಿಗೆ ಹಾಕುತ್ತಾರೆ, ಆಮೇಲೆ ಬದಲಿಸಬಹುದಾ? ಈ ವರ್ಷ ಮಧ್ಯದಲ್ಲಿ ಸೇರಿದ ಮಕ್ಕಳು ಎಷ್ಟು, ಅವರನ್ನು ಮೊದಲ ವಾರ ಯಾರು ನೋಡಿಕೊಳ್ಳುತ್ತಾರೆ? ಈ ಕೊನೇ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಶಾಲೆ ನನಗೆ ಇಷ್ಟ.

ಗಣಿತದಲ್ಲಿ ನಮ್ಮ ಮಕ್ಕಳಿಗೆ ಸಾಮಾನ್ಯವಾಗಿ ಕಷ್ಟ ಆಗುವುದಿಲ್ಲ. ಕಷ್ಟ ಆಗುವುದು ಇಂಗ್ಲಿಷ್‌ನಲ್ಲಿ, ಅದೂ ಮಾತಾಡೋಕಲ್ಲ, ಬರೆಯೋಕೆ. ಒಂದು ಕಾದಂಬರಿ ಓದಿ, ಅದರಲ್ಲಿ ಲೇಖಕರು ಹೀಗೇಕೆ ಬರೆದರು ಅಂತ ಸ್ವಂತ ವಾದ ಕಟ್ಟಿ ನಾಲ್ಕು ಪುಟ ಪ್ರಬಂಧ ಬರೆಯಬೇಕು. ಗೈಡ್ ನೋಡಿ ಬರೆಯುವ ಉತ್ತರಕ್ಕೆ ಇಲ್ಲಿ ಮಾರ್ಕ್ಸ್ ಇಲ್ಲ. ವಿಸಿಇಯಲ್ಲಿ ಇಂಗ್ಲಿಷ್ ಕಡ್ಡಾಯ, ಏಟಾರ್ ಲೆಕ್ಕದಲ್ಲೂ ಬಿಡುವ ಹಾಗಿಲ್ಲ. ಹೊರಗಿನಿಂದ ಬಂದವರಿಗೆ ಇಎಎಲ್ ಅಂತ ಬೇರೆ ಇಂಗ್ಲಿಷ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಹಿಂದೆ ಏಳು ವರ್ಷಕ್ಕಿಂತ ಜಾಸ್ತಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳಿಗೆ ಅದು ಸಿಗುವುದಿಲ್ಲ. ನಿಮ್ಮ ಮಗ ಸಿಬಿಎಸ್‌ಇ, ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಅಂದುಕೊಳ್ಳುತ್ತೇನೆ. ಹಾಗಾದರೆ ಇಲ್ಲೇ ಹುಟ್ಟಿ ಬೆಳೆದವರ ಜೊತೆ ಅದೇ ಪರೀಕ್ಷೆ ಬರೆಯಬೇಕು. ಇಯರ್ 10ರಲ್ಲೇ ಬರಲಿ ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಬರೆಯುವುದನ್ನು ಕಲಿಯೋಕೆ ಸಮಯ ಬೇಕು. ಹಾಗಾಗಿ ಶಾಲೆಯಲ್ಲಿ ಇಂಗ್ಲಿಷ್ ಬರವಣಿಗೆಗೆ ಏನು ಸಹಾಯ ಇದೆ ಅಂತ ಕೇಳಿಯೇ ಬನ್ನಿ.

ಟಾರ್ನೀಟ್ ಮತ್ತು ಗ್ಲೆನ್ ವೇವರ್ಲಿ ವಿಷಯಕ್ಕೆ ಬರುತ್ತೇನೆ. ಡಾಕ್‌ಲ್ಯಾಂಡ್ಸ್ ಇರುವುದು ಸದರ್ನ್ ಕ್ರಾಸ್ ಸ್ಟೇಷನ್ ಪಕ್ಕದಲ್ಲೇ. ಟಾರ್ನೀಟ್‌ನಿಂದ ವಿ/ಲೈನ್ ರೈಲು ಅಲ್ಲಿಗೇ ಬರುತ್ತದೆ, ಅರ್ಧ ಗಂಟೆ ಆಸುಪಾಸು, ಬೆಳಗಿನ ಹೊತ್ತು ತುಂಬಿ ತುಳುಕುತ್ತದೆ. ಗ್ಲೆನ್ ವೇವರ್ಲಿ ಆ ಲೈನಿನ ಕೊನೇ ಸ್ಟೇಷನ್, ಸದರ್ನ್ ಕ್ರಾಸಿಗೆ ಮುಕ್ಕಾಲು ಗಂಟೆ ಆಸುಪಾಸು. ಯಜಮಾನರಿಗೆ ಎರಡೂ ನಡೆಯುತ್ತದೆ. ಅವರನ್ನು ಪಕ್ಕಕ್ಕಿಟ್ಟು ಮಗನ ಕಾಲಲ್ಲಿ ನಿಂತು ನೋಡಿ. ಶಾಲೆ ಬಿಡುವುದು ಮಧ್ಯಾಹ್ನ ಮೂರು, ಮೂರೂವರೆಗೆ. ನೀವೂ ಕೆಲಸಕ್ಕೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಅಲ್ಲಿಂದ ಸಂಜೆ ಆರರವರೆಗೆ ಅವನು ಎಲ್ಲಿರುತ್ತಾನೆ? ಲೈಬ್ರರಿಗೆ, ಕ್ರಿಕೆಟ್ ಪ್ರಾಕ್ಟೀಸಿಗೆ, ಫ್ರೆಂಡ್ ಮನೆಗೆ ಯಾರೂ ಕಾರಿನಲ್ಲಿ ಬಿಡದೆ ಹೋಗಿಬರಬಹುದಾ? ಜೂನ್‌ನಲ್ಲಿ ಇಲ್ಲಿ ಚಳಿಗಾಲ, ಐದು ಗಂಟೆ ದಾಟುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಬಸ್‌ಸ್ಟಾಪಿನಿಂದ ಮನೆಗೆ ಆ ಕತ್ತಲಲ್ಲಿ ನಡೆಯಬೇಕಾದ ದೂರ ಎಷ್ಟು? ಹದಿನೈದರ ಹುಡುಗನಿಗೆ ಇದು ದೊಡ್ಡ ವಿಷಯ. ಎಲ್ಲಿಗೂ ಸ್ವಂತವಾಗಿ ಹೋಗಲಾಗದ ಮಗು ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತದೆ. ಖರ್ಚಿನ ಚಿಂತೆ ಬೇಡ, 2026ರ ಜನವರಿ 1ರಿಂದ 18ರೊಳಗಿನವರಿಗೆ ಯೂತ್ ಮೈಕಿ ಕಾರ್ಡಿನಲ್ಲಿ ಬಸ್ಸು, ಟ್ರಾಮ್, ರೈಲು ಉಚಿತ. ಅದಕ್ಕೇ ನಾನು ಹೊಸ ಬಡಾವಣೆಯ ನಾಲ್ಕು ಬೆಡ್‌ರೂಮ್ ಮನೆಗಿಂತ ಸ್ಟೇಷನ್‌ಗೆ ನಡೆದುಹೋಗುವ ದೂರದ ಚಿಕ್ಕ ಮನೆಗೇ ಓಟು ಹಾಕುತ್ತೇನೆ. ಟಾರ್ನೀಟ್‌ನಲ್ಲೇ ಆದರೂ ಸ್ಟೇಷನ್ ಹತ್ತಿರ ಬೇರೆ, ಅಂಚಿನ ಹೊಸ ಲೇಔಟ್ ಬೇರೆ.

ಪರಿಚಯದವರ ಮಾತು ಕೇಳುವಾಗ ಅವರ ಮಕ್ಕಳ ವಯಸ್ಸು ಕೇಳಿ. ಪಶ್ಚಿಮದ ಹೊಸ ಏರಿಯಾಗಳಲ್ಲಿ ಹಲವು ಸರ್ಕಾರಿ ಶಾಲೆಗಳು ಪ್ರೆಪ್‌ನಿಂದ ಇಯರ್ 9ರವರೆಗೆ ಮಾತ್ರ. ಏಳು ವರ್ಷದ ಮಗು ಇರುವವರು ‘ನಮ್ಮ ಶಾಲೆ ಸೂಪರ್’ ಅಂದರೆ ಅದು ನಿಜವೇ ಇರಬಹುದು, ನಿಮಗೆ ಉಪಯೋಗ ಇಲ್ಲ. ನಿಮಗೆ ಬೇಕಾದ್ದು ಅದರ ಮುಂದಿನದು. ಪಾಯಿಂಟ್ ಕುಕ್‌ನಲ್ಲಿ ಮಕ್ಕಳು ಒಂಬತ್ತು ಮುಗಿಸಿ ಸೀನಿಯರ್ ಸೆಕೆಂಡರಿ ಕಾಲೇಜಿಗೆ ಹೋಗುತ್ತಾರೆ. ಹೊಸದಾಗಿ ಬರುವ ನಿಮ್ಮ ಮಗನಿಗೆ ಈ ವ್ಯವಸ್ಥೆ ಅನುಕೂಲ ಅಂತ ನನಗನ್ನಿಸುತ್ತದೆ. ಇಯರ್ 7ರಿಂದ ಒಟ್ಟಿಗೇ ಇರುವ ಹುಡುಗರ ಗುಂಪಿಗೆ ನುಗ್ಗುವುದು ಕಷ್ಟ. ಬೇರೆ ಬೇರೆ ಶಾಲೆಯಿಂದ ಬಂದು ಎರಡು ಮೂರು ತಿಂಗಳ ಹಿಂದಷ್ಟೇ ಸೇರಿದವರ ನಡುವೆ ಜಾಗ ಮಾಡಿಕೊಳ್ಳುವುದು ಸುಲಭ. ವೆರಿಬಿ ಲೈನಿನ ವಿಲಿಯಮ್ಸ್ ಲ್ಯಾಂಡಿಂಗ್ ಸ್ಟೇಷನ್ ಹತ್ತಿರದ ಮನೆಗಳನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ, ಜೋನ್ ಮಾತ್ರ ವಿಳಾಸ ಹಾಕಿ ಖಾತ್ರಿ ಮಾಡಿಕೊಳ್ಳಿ.

ಗ್ಲೆನ್ ವೇವರ್ಲಿ ಕೆಟ್ಟ ಆಯ್ಕೆ ಅಂತ ನಾನು ಹೇಳುತ್ತಿಲ್ಲ. ಸ್ಟೇಷನ್, ಲೈಬ್ರರಿ, ಅಂಗಡಿಗಳು ಎಲ್ಲ ಒಂದೇ ಕಡೆ, ಮಗ ಒಬ್ಬನೇ ಓಡಾಡಬಹುದು. ಆದರೆ ಒಂದು ಲೆಕ್ಕ ಮುಂಚೆಯೇ ಹಾಕಿ. ಪಿ.ಆರ್. ಇದ್ದರೆ ಯೂನಿವರ್ಸಿಟಿಯಲ್ಲಿ ಸರ್ಕಾರದ ಸಬ್ಸಿಡಿ ಸೀಟಿಗೆ ಅರ್ಹತೆ ಇರುತ್ತದೆ, ಆದರೆ ಫೀ ಕಟ್ಟೋಕೆ ನಾಗರಿಕರಿಗೆ ಸಿಗುವ ಹೆಕ್ಸ್ ಸಾಲ ಸಿಗುವುದಿಲ್ಲ. ತಮ್ಮ ಪಾಲಿನ ಫೀ ಮೊದಲೇ ಕಟ್ಟಬೇಕು. ಪೌರತ್ವಕ್ಕೆ ಕಾನೂನುಬದ್ಧವಾಗಿ ನಾಲ್ಕು ವರ್ಷ ಇಲ್ಲಿ ವಾಸ ಮಾಡಿರಬೇಕು. ನಿಮ್ಮ ಮಗ ಅದಕ್ಕೂ ಮುಂಚೆಯೇ ಯೂನಿವರ್ಸಿಟಿಗೆ ಕಾಲಿಡುತ್ತಾನೆ. ಶಾಲೆಯ ಹೆಸರಿಗೋಸ್ಕರ ಪ್ರತಿ ವಾರ ಹೆಚ್ಚಿಗೆ ಕೊಡುವ ಬಾಡಿಗೆ ಆ ಫೀಗೆ ಬೇಕಾಗುವ ದುಡ್ಡು. ಕೈಲಿ ಎರಡಕ್ಕೂ ಇದ್ದರೆ ಸಂತೋಷ, ಇಲ್ಲದಿದ್ದರೆ ನಾನು ಪಶ್ಚಿಮಕ್ಕೇ ಹೋಗಿ ಅನ್ನುತ್ತೇನೆ.

ಯಜಮಾನರಿಗೆ ಒಂದೇ ಒಂದು ಮಾತು: ಜನವರಿಯಲ್ಲಿ ಇಳಿದ ತಕ್ಷಣ ಆಫೀಸಿಗೆ ಹತ್ತಿರ ಅಂತ ವರ್ಷದ ಅಗ್ರಿಮೆಂಟಿಗೆ ಸಹಿ ಹಾಕಬೇಡಿ. ಒಂದು ರೂಮು ಹಿಡಿದು ಶನಿವಾರಗಳಲ್ಲಿ ಮನೆ ನೋಡಿ. ಶಾಲೆ ಗೊತ್ತಾದ ಮೇಲೆ, ಮಾರ್ಚ್‌ನಲ್ಲಿ, ಆ ಜೋನ್ ಒಳಗೆ ಮನೆ ಹಿಡಿಯಿರಿ. ಇಲ್ಲಿ ಬಾಡಿಗೆ ಹೇಳುವುದು ವಾರದ ಲೆಕ್ಕದಲ್ಲಿ, ಅಡ್ವಾನ್ಸ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ. ಮೈಸೂರಿನ ಮನೆ ಮಾಲೀಕರಿಂದ ಒಂದು ಪತ್ರ, ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿದ್ದರೆ ಅರ್ಜಿಗೆ ಬಲ ಬರುತ್ತದೆ. ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರೂ, ವಾಸ ಮಾಡುವವರ ಪಟ್ಟಿಯಲ್ಲಿ ಮಗನ ಹೆಸರೂ ಇರಲಿ. ಶಾಲೆಯವರು ವಿಳಾಸದ ಪುರಾವೆ ಕೇಳುತ್ತಾರೆ, ಕರೆಂಟ್ ಬಿಲ್ಲು, ಗ್ಯಾಸ್ ಬಿಲ್ಲು ಕೂಡ. ಜೋನ್‌ಗೋಸ್ಕರ ಸುಮ್ನೆ ಯಾರದೋ ವಿಳಾಸ ಕೊಡುವ ಸಲಹೆ ಬಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಗ ಮಾತಾಡುತ್ತಿಲ್ಲ ಅಂದಿರಿ. ನನಗೆ ನಿಮ್ಮ ಪತ್ರದಲ್ಲಿ ಎದ್ದು ಕಂಡಿದ್ದು ಆ ಸಾಲು. ಹೋಗುವುದೋ ಬಿಡುವುದೋ ಅನ್ನುವ ತೀರ್ಮಾನ ಅವನದಲ್ಲ, ಅದು ಅವನಿಗೂ ಗೊತ್ತು. ‘ನಿನಗೇನನ್ನಿಸುತ್ತೆ’ ಅಂತ ಮತ್ತೆ ಮತ್ತೆ ಕೇಳಿದರೆ ಅವನಿಗೆ ರೇಗುತ್ತದೆ ಅಷ್ಟೆ. ಅವನ ಕೈಗೆ ನಿಜವಾದ ಒಂದು ತೀರ್ಮಾನ ಕೊಡಿ. ನೀವಿಬ್ಬರೂ ಸೇರಿ ಆರಿಸಿದ ಮೂರು ಶಾಲೆಗಳ ವಿಷಯಪಟ್ಟಿ ಅವನ ಮುಂದಿಡಿ. ಹೆಚ್ಚಿನ ಶಾಲೆಗಳ ವೆಬ್‌ಸೈಟಿನಲ್ಲಿ ಇಯರ್ 10ರ ಹ್ಯಾಂಡ್‌ಬುಕ್ ಇರುತ್ತದೆ. ಮರಗೆಲಸ, ರೊಬೋಟಿಕ್ಸ್, ಮೀಡಿಯಾ, ಅಡುಗೆ, ಹೊರಾಂಗಣ ಶಿಕ್ಷಣ ಅಂತೆಲ್ಲ ಐಚ್ಛಿಕ ವಿಷಯಗಳಿರುತ್ತವೆ, ಮೈಸೂರಿನ ಶಾಲೆಯಲ್ಲಿ ಅವನು ಕಾಣದ್ದು. ಮೂರರಲ್ಲಿ ಯಾವುದು ಅಂತ ಅವನೇ ಹೇಳಲಿ, ಹೇಳಿದ ಮೇಲೆ ನೀವು ಅದಕ್ಕೆ ಬದ್ಧರಾಗಿರಿ.

ಅವನಿಗೆ ಈಗಲೇ ಹೇಳಬೇಕಾದ ಎರಡು ಸಂಗತಿ ಇವೆ, ಇಲ್ಲಿಗೆ ಬಂದ ಮೇಲೆ ಗೊತ್ತಾದರೆ ಮೋಸ ಆಯಿತು ಅಂದುಕೊಳ್ಳುತ್ತಾನೆ. ವಿಕ್ಟೋರಿಯಾದ ಸರ್ಕಾರಿ ಶಾಲೆಗಳಲ್ಲಿ 2020ರಿಂದ ಶಾಲೆಯ ಹೊತ್ತಿನಲ್ಲಿ ಮೊಬೈಲ್ ಇಲ್ಲ. ಹೊಸಬರಿಗೆ ಇದು ಒಳ್ಳೇದೇ, ಊಟದ ಬಿಡುವಿನಲ್ಲಿ ಎಲ್ಲರೂ ತಲೆ ಎತ್ತಿಕೊಂಡಿರುತ್ತಾರೆ. ಇನ್ನೊಂದು, 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16ರೊಳಗಿನವರು ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಮುಂತಾದವುಗಳಲ್ಲಿ ಅಕೌಂಟ್ ಇಟ್ಟುಕೊಳ್ಳುವ ಹಾಗಿಲ್ಲ. ವಾಟ್ಸಾಪಿಗೆ ಆ ನಿಷೇಧ ಇಲ್ಲ. ಊರಿನ ಗೆಳೆಯರೆಲ್ಲ ಇನ್‌ಸ್ಟಾದಲ್ಲೇ ಮಾತಾಡುವವರಾದರೆ ಹೊರಡುವ ಮುಂಚೆಯೇ ಒಂದು ವಾಟ್ಸಾಪ್ ಗುಂಪು ಮಾಡಿಕೊಳ್ಳಲಿ. ಹೊಸ ಶಾಲೆಯ ಮೊದಲ ತಿಂಗಳುಗಳಲ್ಲಿ ಹಳೇ ಗೆಳೆಯರ ಜೊತೆ ರಾತ್ರಿ ಅರ್ಧ ಗಂಟೆ ಹರಟೆ ಅವನಿಗೆ ಬೇಕಾಗುತ್ತದೆ, ಅದನ್ನು ಸಮಯ ಹಾಳು ಅಂತ ಬೈಯಬೇಡಿ.

ಹೊರಡುವಾಗ ಕೈಚೀಲದಲ್ಲಿ ಇರಬೇಕಾದ್ದು: ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಗ್ರಾಂಟ್ ಲೆಟರ್, ಲಸಿಕೆಗಳ ದಾಖಲೆ, ಏಳರಿಂದ ಒಂಬತ್ತರವರೆಗಿನ ಮಾರ್ಕ್ಸ್ ಕಾರ್ಡ್, ಟಿ.ಸಿ. ಇದರ ಜೊತೆ ಒಂಬತ್ತನೇ ಕ್ಲಾಸಿನ ಗಣಿತ ಮತ್ತು ವಿಜ್ಞಾನ ಪುಸ್ತಕಗಳ ಪರಿವಿಡಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿನ ಮೇಷ್ಟ್ರಿಗೆ ಸಿಬಿಎಸ್‌ಇ ಮಾರ್ಕ್ಸ್ ಕಾರ್ಡ್ ನೋಡಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಯಾವ ಪಾಠ ಆಗಿದೆ ಅಂತ ಕಂಡರೆ ಅವನನ್ನು ಗಣಿತದ ಯಾವ ಗುಂಪಿಗೆ ಹಾಕಬೇಕು ಅನ್ನೋದನ್ನು ಅಲ್ಲೇ ಕೂತು ತೀರ್ಮಾನ ಮಾಡುತ್ತಾರೆ.